1-0 ಪಂದ್ಯಕ್ಕೆ ಸ್ಕೋರ್ ಬರೆದ ಅನುಭವ

ಬೇಸ್‌ಬಾಲ್ ನೋಡುತ್ತಾ ಕೈಯಲ್ಲೇ ಸ್ಕೋರ್ ಬರೆಯುವುದು ನನ್ನ ಹವ್ಯಾಸ. ಮೊದಲು ಬೆಂಗಳೂರಿನ ಕ್ಲಬ್ ಕ್ರಿಕೆಟ್‌ಗೆ ಸ್ಕೋರರ್ ಆಗಿದ್ದೆ, ಆ ಚಟ ಬಿಟ್ಟಿಲ್ಲ. ರನ್ ಸುರಿಯುವ ಪಂದ್ಯಕ್ಕಿಂತ ರನ್ನೇ ಬಾರದ ಪಂದ್ಯ ಬರೆಯುವುದರಲ್ಲಿ ಮಜಾ ಜಾಸ್ತಿ. ಅದಕ್ಕೇ 1991ರ ವರ್ಲ್ಡ್ ಸೀರೀಸ್‌ (ಅಮೆರಿಕದ ಬೇಸ್‌ಬಾಲ್ ಫೈನಲ್ ಸರಣಿ) ನಿರ್ಣಾಯಕ ಏಳನೇ ಪಂದ್ಯದ ರೆಕಾರ್ಡಿಂಗ್ ಹಾಕಿಕೊಂಡು ಕೂತೆ. ಅಕ್ಟೋಬರ್ 27, ಮಿನಿಯಾಪೊಲಿಸ್‌ನ ಮೆಟ್ರೋಡೋಮ್. ಮಿನ್ನೆಸೋಟ ಟ್ವಿನ್ಸ್‌ಗೆ ಜ್ಯಾಕ್ ಮಾರಿಸ್ ಪಿಚರ್, ಅಂದರೆ ಚೆಂಡು ಎಸೆಯುವವ; ಅಟ್ಲಾಂಟ ಬ್ರೇವ್ಸ್‌ಗೆ ಜಾನ್ ಸ್ಮೋಲ್ಟ್ಸ್.

ಬರೆಯುವ ಕ್ರಮ ಸುಲಭ. ಫೀಲ್ಡಿಂಗ್‌ನ ಪ್ರತಿ ಸ್ಥಾನಕ್ಕೂ ಒಂದು ಸಂಖ್ಯೆ: ಪಿಚರ್ 1, ಕ್ಯಾಚರ್ 2, ಫಸ್ಟ್ ಬೇಸ್ 3, ಹೀಗೆ 9ರವರೆಗೆ. ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್ ಬಿದ್ದು ಔಟ್) ಆದರೆ ಇಂಗ್ಲಿಷಿನ ಕೆ ಅಕ್ಷರ. ಬ್ಯಾಟ್ ಬೀಸದೆ ನಿಂತಲ್ಲೇ ಔಟಾದರೆ ಅದೇ ಅಕ್ಷರ ಉಲ್ಟಾ. ಇದರ ಜೊತೆ ಪ್ರತಿ ಚೌಕದ ಅಂಚಿನಲ್ಲಿ ಎಸೆತಕ್ಕೊಂದು ಗೆರೆ ಹಾಕುತ್ತೇನೆ. ಕಡ್ಡಾಯವೇನಲ್ಲ. ಆದರೆ ಇಂಥ ಪಂದ್ಯದಲ್ಲಿ ಯಾರು ಎಷ್ಟು ಬೆವರು ಸುರಿಸಿದರು ಅನ್ನುವುದು ಆ ಗೆರೆಗಳಲ್ಲೇ ಇರುತ್ತದೆ. ಇನ್ನಿಂಗ್ಸ್ ನಡುವೆ ವಿಡಿಯೊ ನಿಲ್ಲಿಸುವಂತಿಲ್ಲ ಅಂತ ನನಗೆ ನಾನೇ ನಿಯಮ ಹಾಕಿಕೊಂಡೆ. ಮೈದಾನದಲ್ಲಿ ಕೂತವನಿಗೆ ಪಾಸ್ ಬಟನ್ ಎಲ್ಲಿರುತ್ತದೆ, ಅಲ್ವಾ?

ಏಳು ಇನ್ನಿಂಗ್ಸ್ 0-0. ಎಂಟನೆಯದರಲ್ಲಿ ಪೆನ್ಸಿಲ್‌ಗೆ ಪುರುಸೊತ್ತೇ ಸಿಗಲಿಲ್ಲ. ಬ್ರೇವ್ಸ್‌ನ ಲಾನಿ ಸ್ಮಿತ್ ಸಿಂಗಲ್ ಹೊಡೆದ, ಅಂದರೆ ಫಸ್ಟ್ ಬೇಸ್ ತಲುಪಿದ. ಹಿಂದೆಯೇ ಟೆರಿ ಪೆಂಡಲ್ಟನ್‌ನ ಡಬಲ್, ಸೆಕೆಂಡ್ ಬೇಸ್‌ವರೆಗೆ ತಲುಪಿಸುವ ಹೊಡೆತ. ಸ್ಮಿತ್ ಆರಾಮಾಗಿ ಹೋಮ್ ಮುಟ್ಟಿ ರನ್ ಗಳಿಸಬೇಕಿತ್ತು. ಆದರೆ ಟ್ವಿನ್ಸ್‌ನ ಚಕ್ ನಾಬ್ಲಾಕ್ ಚೆಂಡು ತನ್ನ ಕೈಯಲ್ಲೇ ಇದೆ ಅನ್ನುವಂತೆ ನಟಿಸಿದ. ಸೆಕೆಂಡ್ ಬೇಸ್ ದಾಟಿ ಸ್ಮಿತ್ ತಡವರಿಸಿದ, ಕೊನೆಗೆ ಥರ್ಡ್‌ನಲ್ಲೇ ಉಳಿದ. ಇಂಥ ನಟನೆಗೆ ಕ್ರಿಕೆಟ್‌ನಲ್ಲಿ 2017ರಿಂದ 5 ರನ್ ದಂಡ. ಬೇಸ್‌ಬಾಲ್‌ನಲ್ಲಿ ದಂಡವೂ ಇಲ್ಲ, ಸ್ಕೋರ್ ಹಾಳೆಯಲ್ಲಿ ಅದಕ್ಕೊಂದು ಗುರುತೂ ಇಲ್ಲ. ಮಾರ್ಜಿನ್‌ನಲ್ಲಿ 'ಟೋಪಿ ಹಾಕಿದ' ಅಂತ ಬರೆದುಕೊಂಡೆ.

ಎಲ್ಲರೂ ಸ್ಮಿತ್‌ನನ್ನೇ ಬೈಯುತ್ತಾರೆ. ನನ್ನ ಹಾಳೆ ಬೇರೆಯೇ ಹೇಳುತ್ತದೆ. ಆಗ ಒಬ್ಬರೂ ಔಟಾಗಿರಲಿಲ್ಲ, ಸೆಕೆಂಡ್‌ನಲ್ಲೂ ಥರ್ಡ್‌ನಲ್ಲೂ ಓಟಗಾರರಿದ್ದರು. ಒಂದು ರನ್‌ಗೆ ಅಷ್ಟು ಸಾಕು. ಮಾರಿಸ್ ಎಸೆತಕ್ಕೆ ರಾನ್ ಗ್ಯಾಂಟ್ ಚೆಂಡನ್ನು ಫಸ್ಟ್ ಬೇಸ್ ಕಡೆ ಸುಮ್ನೆ ಉರುಳಿಸಿ ಔಟಾದ. ಡೇವಿಡ್ ಜಸ್ಟಿಸ್‌ಗೆ ಬೇಕಂತಲೇ ವಾಕ್ (ಹೊಡೆಯದೆ ಫಸ್ಟ್ ಬೇಸ್‌ಗೆ ಹೋಗುವ ಅವಕಾಶ) ಕೊಟ್ಟರು. ಸಿಡ್ ಬ್ರೀಮ್ ಕೂಡ ಫಸ್ಟ್ ಬೇಸ್‌ಗೇ ಹೊಡೆದ: 3-2-3, ಅಂದರೆ ಚೆಂಡು ಫಸ್ಟ್ ಬೇಸ್‌ನವನಿಂದ ಕ್ಯಾಚರ್‌ಗೆ, ಮತ್ತೆ ಫಸ್ಟ್ ಬೇಸ್‌ಗೆ. ಒಂದೇ ಹೊಡೆತಕ್ಕೆ ಇಬ್ಬರು ಔಟ್, ಡಬಲ್ ಪ್ಲೇ. ಪಂದ್ಯ ಗೆಲ್ಲಿಸಿದ್ದು ಇದು. ಅದೇ ಇನ್ನಿಂಗ್ಸ್‌ನಲ್ಲಿ ಟ್ವಿನ್ಸ್ ಕೂಡ ಒಂದು ಔಟ್‌ಗೆ ಮೂರೂ ಬೇಸ್ ತುಂಬಿಸಿ ಡಬಲ್ ಪ್ಲೇಗೇ ಸಿಕ್ಕಿಬಿತ್ತು.

ಸಾಮಾನ್ಯವಾಗಿ ಪಂದ್ಯ ಮುಗಿಯುವ ಒಂಬತ್ತು ಇನ್ನಿಂಗ್ಸ್ ಆದಮೇಲೂ 0-0. ಆಗ ಮಾರಿಸ್‌ನನ್ನು ಇಳಿಸುವ ಯೋಚನೆ ಮ್ಯಾನೇಜರ್ ಟಾಮ್ ಕೆಲ್ಲಿಗೆ ಬಂದಿತ್ತು. 36ರ ಮಾರಿಸ್ ಜಗ್ಗಲಿಲ್ಲ. ಹತ್ತನೆಯದನ್ನೂ ಎಸೆದ. ಆಮೇಲೆ ಟ್ವಿನ್ಸ್‌ನ ಡ್ಯಾನ್ ಗ್ಲ್ಯಾಡನ್ ಬ್ಯಾಟ್ ಮುರಿದುಕೊಂಡೇ ಡಬಲ್ ಗಳಿಸಿದ, ನಾಬ್ಲಾಕ್ ಬಂಟ್ ಮಾಡಿ (ಚೆಂಡನ್ನು ಮೆಲ್ಲಗೆ ತಟ್ಟಿ) ಅವನನ್ನು ಥರ್ಡ್‌ಗೆ ತಲುಪಿಸಿದ. ಎರಡು ವಾಕ್, ಜೀನ್ ಲಾರ್ಕಿನ್‌ನ ಸಿಂಗಲ್, ಗ್ಲ್ಯಾಡನ್ ಹೋಮ್ ಮುಟ್ಟಿದ, 1-0, ಮುಗೀತು. ಮಾರಿಸ್‌ನ ಲೆಕ್ಕ: 126 ಎಸೆತ, 7 ಹಿಟ್, 0 ರನ್.

ಪಂದ್ಯದ ಗೆಲುವು, ಸೋಲನ್ನು ಒಬ್ಬೊಬ್ಬ ಪಿಚರ್ ಹೆಸರಿಗೆ ಬರೆಯುತ್ತಾರೆ. ಗೆಲುವಿನ ಕಾಲಂನಲ್ಲಿ ಮಾರಿಸ್, ಸೋಲಿನ ಕಾಲಂನಲ್ಲಿ ಬ್ರೇವ್ಸ್ ಪರ ಕೊನೆಗೆ ಎಸೆದ ಅಲೆಹಾಂಡ್ರೊ ಪೆನ್ಯಾ. ಎಂಟನೇ ಇನ್ನಿಂಗ್ಸ್‌ನಲ್ಲಿ ಹೊರಹೋದ ಸ್ಮೋಲ್ಟ್ಸ್ ಒಂದು ರನ್ನೂ ಕೊಟ್ಟಿರಲಿಲ್ಲ, ಆದರೂ ನಿಯಮದ ಪ್ರಕಾರ ಅವನಿಗೆ ಎರಡೂ ಕಾಲಂ ಖಾಲಿ. ಈ ಲೆಕ್ಕ ನನಗೆ ಸರಿಬರಲ್ಲ. ನನ್ನ ಹಾಳೆಗಳಲ್ಲಿ ಇಂಥವರಿಗೆ ಮೂರನೇ ಕಾಲಂ ಹಾಕಿಕೊಂಡಿದ್ದೇನೆ.