ದುಸ್ಸಾಹಸದ ಸುದ್ದಿಯಲ್ಲಿ ಪದ ತೂಗುವ ಬಗೆ

ಮಳೆಗಾಲದಲ್ಲಿ ಕನ್ನಂಬಾಡಿ ಕಟ್ಟೆಯಿಂದ ಹೆಚ್ಚು ನೀರು ಬಿಡುವಾಗ ನದಿಪಾತ್ರದ ಜನರಿಗೆ ಎಚ್ಚರಿಕೆ ನೀಡಲಾಗುತ್ತದೆ. ಆದರೂ ಬಲಮುರಿಯಲ್ಲೋ ಮುತ್ತತ್ತಿಯಲ್ಲೋ ನೀರಿಗಿಳಿದವರ ಸುದ್ದಿ ಮಂಡ್ಯ, ಮೈಸೂರಿನ ಪತ್ರಿಕಾ ಕಚೇರಿಗಳಿಗೆ ಬರುತ್ತಲೇ ಇರುತ್ತದೆ. ಅದನ್ನು ಖಂಡಿಸಿ ಬರೆಯಲೇಬೇಕು. ಆದರೆ ಖಂಡನೆಯ ಭಾರವನ್ನು ಬೈಗುಳಕ್ಕೆ ಹೊರಿಸದೆ, ಖಚಿತಪಡಿಸಿಕೊಂಡ ಸಂಗತಿಗೆ ಹೊರಿಸಬೇಕು.

‘ಸಾಹಸ’ ಎಂಬುದರಲ್ಲಿ ಮೆಚ್ಚುಗೆಯಿದೆ. ವರ್ತುಲ ರಸ್ತೆಯಲ್ಲಿ ವೀಲಿ ಮಾಡಿದವನಿಗೆ ಅದು ಸಲ್ಲದು. ಅಪಾಯ ಗೊತ್ತಿದ್ದೂ ಮುನ್ನುಗ್ಗಿದ್ದಕ್ಕೆ ಆಧಾರವಿದ್ದಾಗ ಮಾತ್ರ ‘ದುಸ್ಸಾಹಸ’ ಎನ್ನಿ. ‘ಹುಚ್ಚಾಟ’, ‘ಪುಂಡಾಟ’ಗಳು ಕೃತ್ಯವನ್ನು ಬಿಟ್ಟು ವ್ಯಕ್ತಿಯನ್ನೇ ಹಳಿಯುವುದರಿಂದ ವರದಿಯಲ್ಲಿ ಬೇಡ.

ನಾನು ಉಪಸಂಪಾದಕನಾಗಿದ್ದಾಗ ಒಂದು ಭಾನುವಾರ ರಾತ್ರಿ ‘ಸೆಲ್ಫಿ ಹುಚ್ಚಿಗೆ ಯುವಕ ಬಲಿ’ ಎಂದು ತಲೆಬರಹ ಕೊಟ್ಟೆ. ಮರುದಿನ ಅವನ ಅಕ್ಕ ಫೋನ್ ಮಾಡಿ, ಕಾಲು ಜಾರಿದ ಗೆಳೆಯನ ಕೈ ಹಿಡಿಯಲು ತಮ್ಮ ನೀರಿಗಿಳಿದನೆಂದು ಹೇಳಿದರು. ‘ಹುಚ್ಚು’ ಎಂಬುದನ್ನು ನಾನು ಯಾರನ್ನೂ ಕೇಳದೆ ಸೇರಿಸಿದ್ದೆ. ತಿದ್ದುಪಡಿ ಒಳಪುಟದಲ್ಲಿ ಬಂತು. ಮುಖಪುಟ ಓದಿದ ಊರಿಗೆ ಅದು ತಲುಪಲಿಲ್ಲ. ಆ ಅಕ್ಕನ ದನಿ ಇಂದಿಗೂ ಕಿವಿಯಲ್ಲಿದೆ.

‘ಎಚ್ಚರಿಕೆ ಲೆಕ್ಕಿಸದೆ ಹುಚ್ಚಾಟ ಮೆರೆದ ಯುವಕರು’ ಎಂಬ ವಾಕ್ಯ ಬಂದರೆ, ಎಚ್ಚರಿಕೆ ಕೊಟ್ಟವರು ಯಾರು, ಫಲಕ ಎಲ್ಲಿತ್ತು ಎಂದು ವರದಿಗಾರರನ್ನು ಕೇಳಿ. ಉತ್ತರ ಸಿಕ್ಕರೆ ಹೀಗೆ ಬರೆಯಬಹುದು: ‘ಈಜು ನಿಷೇಧದ ಫಲಕ ದಾಟಿ, ಕಾವಲುಗಾರ ಎರಡು ಬಾರಿ ತಡೆದರೂ ಕೇಳದೆ, ನಾಲ್ವರು ಸುಳಿಯಿರುವ ಕಡೆ ನೀರಿಗಿಳಿದರು.’ ‘ದಾಟಿ’, ‘ಕೇಳದೆ’ ಎಂಬೆರಡು ಮಾತುಗಳಲ್ಲೇ ಖಂಡನೆ ಪೂರ್ತಿಯಾಗಿದೆ. ಅವರಿಗಾಗಿ ಅಗ್ನಿಶಾಮಕ ಸಿಬ್ಬಂದಿಯೂ ಊರಿನ ಈಜುಗಾರರೂ ಎಷ್ಟು ಹೊತ್ತು ನೀರಿನಲ್ಲಿದ್ದರು ಎಂಬುದನ್ನೂ ಸೇರಿಸಿ.

2023ರ ಜೂನ್‌ನಲ್ಲಿ, ಟೈಟಾನಿಕ್ ಅವಶೇಷ ನೋಡಲು ಹೊರಟ ಟೈಟನ್ ನೌಕೆ ಆಳದಲ್ಲಿ ನಜ್ಜುಗುಜ್ಜಾಗಿ ಐವರು ಸತ್ತಾಗಲೂ, ತಜ್ಞರು 2018ರಲ್ಲೇ ಪತ್ರದಲ್ಲಿ ಆತಂಕ ತೋಡಿಕೊಂಡಿದ್ದರೆಂಬ ವರದಿಯೇ ಯಾವ ಬೈಗುಳಕ್ಕಿಂತಲೂ ಹರಿತವಾಗಿತ್ತು. ಆ ಟೀಕೆ ಸಲ್ಲುವುದು ನೌಕೆ ಕಟ್ಟಿ ನಡೆಸಿದವರಿಗೆ; ಹಣ ಕೊಟ್ಟು ಹತ್ತಿದವರನ್ನು ಅದೇ ತಕ್ಕಡಿಯಲ್ಲಿ ತೂಗಬಾರದು.

ಇನ್ನು ‘ಎನ್ನಲಾಗಿದೆ’. ಹೇಳಿದವರು ಯಾರೆಂಬುದನ್ನು ಅದು ಮರೆಮಾಡುತ್ತದೆ. ‘ಪೊಲೀಸರು ತಿಳಿಸಿದ್ದಾರೆ’ ಎಂದು ಬರೆಯಲಾಗದಿದ್ದರೆ, ‘ಮೃತರು ಕುಡಿದಿದ್ದರು ಎನ್ನಲಾಗಿದೆ’ ಎಂಬ ಸಾಲನ್ನು ಮರಣೋತ್ತರ ಪರೀಕ್ಷೆಯ ವರದಿ ಕೈಸೇರುವವರೆಗೂ ತಡೆಹಿಡಿಯಿರಿ.