ಕಾಫಿ ಕಣದಲ್ಲಿ ಒಂದು ಹೋಬಿ 16

ಮಾರ್ಚ್ ಮುಗಿಯುವ ಹೊತ್ತಿಗೆ ನಮ್ಮ ಕಣ ಖಾಲಿಯಾಗುತ್ತದೆ. ಕಾಫಿ ಒಣಗಿ ಮೂಟೆ ಸೇರಿರುತ್ತದೆ. ಹೂಮಳೆ ಬರುತ್ತಾ ಅಂತ ಎಲ್ಲರ ಕಣ್ಣು ಆಕಾಶದ ಮೇಲೆ. ಆ ವರ್ಷ ಅದೇ ಕಣದಲ್ಲಿ ನಾನು ಎರಡು ಉದ್ದನೆಯ ಹಳದಿ ಒಡಲುಗಳನ್ನು ಮಗುಚಿ ಇಟ್ಟಿದ್ದೆ. ಸುಂಟಿಕೊಪ್ಪದ ಹತ್ತಿರದ ತೋಟದಲ್ಲಿ ಒಂದು ಹೋಬಿ 16 ಕ್ಯಾಟಮರಾನ್, ಅಂದರೆ ಜೋಡಿ ಒಡಲಿನ ಹಾಯಿದೋಣಿ.

ಮಂಗಳೂರಿನ ಕಡೆ ಒಬ್ಬರ ಶೆಡ್ಡಿನಲ್ಲಿ ಸುಮಾರು ವರ್ಷ ಬಿದ್ದಿದ್ದ ದೋಣಿ ಅದು. 'ಏನೂ ಆಗಿಲ್ಲ, ತೊಳೆದರೆ ಸಾಕು' ಎಂದು ಕೊಟ್ಟಿದ್ದರು. ಮನೆಗೆ ತಂದು ತಟ್ಟಿ ನೋಡಿದೆ. ಹಲಸಿನ ಹಣ್ಣು ತಟ್ಟಿ ನೋಡುತ್ತೇವಲ್ಲ, ಹಾಗೇ. ಗಟ್ಟಿ ಇರುವ ಕಡೆ ಟಣ್ ಎನ್ನುತ್ತದೆ. ಎರಡು ಒಡಲನ್ನು ಜೋಡಿಸುವ ಮುಂದಿನ ಅಡ್ಡಪಟ್ಟಿಯ ಹತ್ತಿರ ಮಾತ್ರ ದೊಪ್ ದೊಪ್ ಎಂದಿತು. ಒಳಗೆ ಪದರ ಬಿಟ್ಟಿತ್ತು.

ಯಾಕೆ ಬಿಡುತ್ತದೆ ಎಂದು ತಿಳಿಯಲು ಈ ದೋಣಿ ಮಾಡಿದವರ ಕಥೆ ಗೊತ್ತಿರಬೇಕು. ಹೋಬಿ ಆಲ್ಟರ್ ಕ್ಯಾಲಿಫೋರ್ನಿಯಾದ ಲಗೂನಾ ಬೀಚಿನಲ್ಲಿ ಸರ್ಫಿಂಗ್ ಹಲಗೆ ಮಾಡುತ್ತಿದ್ದವರು. ಮೊದಲು ಬಾಲ್ಸಾ ಮರದಲ್ಲಿ ಮಾಡುತ್ತಿದ್ದರು. 1958ರ ಹೊತ್ತಿಗೆ ಗಾರ್ಡನ್ ಕ್ಲಾರ್ಕ್ ಜೊತೆ ಸೇರಿ ಫೋಮಿನ ಮೇಲೆ ಫೈಬರ್‌ಗ್ಲಾಸ್ ಹೊದಿಸುವುದಕ್ಕೆ ಇಳಿದರು. 1968ರಲ್ಲಿ ಹದಿನಾಲ್ಕು ಅಡಿಯ ಹೋಬಿ 14 ಬಂತು. ಅದು ಒಬ್ಬರ ದೋಣಿ. ಅದರ ಬೆನ್ನಿಗೇ ಇಬ್ಬರಿಗಾಗಿ ಈ 16. ಸರ್ಫರ್ ಫಿಲ್ ಎಡ್ವರ್ಡ್ಸ್ ಕೂಡ ಇದರ ವಿನ್ಯಾಸದಲ್ಲಿ ಜೊತೆಗಿದ್ದರು. ಸರ್ಫ್ ಹಲಗೆಯ ವಿದ್ಯೆಯೇ ಇಲ್ಲಿಗೂ ಬಂತು: ಎರಡು ತೆಳು ಫೈಬರ್ ಪದರ, ನಡುವೆ ಫೋಮ್. ಅದಕ್ಕೇ ಇಡೀ ದೋಣಿ 145 ಕಿಲೋ ಅಷ್ಟೇ. ಆದರೆ ಪದರ ಫೋಮನ್ನು ಬಿಟ್ಟರೆ ಬಲ ಹೋಯಿತು.

ನಾನು ಮಾಡಿದ್ದು ಇಷ್ಟು. ಮೊದಲು ಹತ್ತು ದಿನ ಬಿಸಿಲಿಗೆ ಒಣಗಿಸಿದೆ. ಮೆತ್ತಗಿದ್ದ ಜಾಗದಲ್ಲಿ ಮೇಲಿನ ಪದರಕ್ಕೆ ಮಾತ್ರ ಸಣ್ಣ ಸಣ್ಣ ತೂತು ಕೊರೆದೆ. ಡ್ರಿಲ್ ಒಳಪದರ ಮುಟ್ಟಬಾರದೆಂದು ಬಿಟ್‌ಗೆ ಟೇಪ್ ಸುತ್ತಿ ಗುರುತು ಮಾಡಿಕೊಂಡಿದ್ದೆ. ಸಿರಿಂಜ್‌ನಲ್ಲಿ ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟು ತುಂಬಿ ಒಂದೊಂದೇ ತೂತಿಗೆ ಬಿಟ್ಟೆ. ಪಕ್ಕದ ತೂತಿನಿಂದ ಅದು ಉಕ್ಕಿ ಬಂದರೆ ಒಳಗೆ ಹರಡಿದೆ ಎಂದರ್ಥ. ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಮರಳು ಮೂಟೆ ಹೇರಿದೆ. ನಮ್ಮಲ್ಲಿ ಸಂಜೆಗೆ ಮಂಜು ಇಳಿಯುತ್ತದೆ, ಹಾಗಾಗಿ ಈ ಕೆಲಸ ಬೆಳಿಗ್ಗೆಯೇ ಮುಗಿಸಬೇಕು. ಸೋರುವ ಜಾಗ ಹುಡುಕಲು ಪಂಕ್ಚರ್ ಅಂಗಡಿಯ ಉಪಾಯವೇ ಸಾಕು. ನೀರು ಬಿಡುವ ತೂತಿನಿಂದ ಬಾಯಲ್ಲೇ ಮೆಲ್ಲಗೆ ಗಾಳಿ ಊದಿ, ಮೇಲೆ ಸೋಪಿನ ನೀರು ಸವರಿದೆ. ಗುಳ್ಳೆ ಎದ್ದಲ್ಲಿ ಬಿರುಕು.

ಕುಶಾಲನಗರದಿಂದ ಜೀಪಿನ ಟಿಂಕರಿಂಗ್ ಮಾಡುವ ಹುಡುಗನನ್ನು ಕರೆಸಿದ್ದೆ. ಅವನು ಒಡಲನ್ನು ಸುತ್ತಿ ನೋಡಿ, "ಅಣ್ಣಾ, ಹೊರಗಡೆ ಚಪ್ಪಟೆ, ಒಳಗಡೆ ಉಬ್ಬು. ಅಚ್ಚೇ ತಪ್ಪಿದೆ. ಪುಟ್ಟಿ ಹಾಕಿ ಸಮ ಮಾಡೋಣ್ವಾ?" ಎಂದ.

ಒಳ್ಳೆಯ ಪ್ರಶ್ನೆ. ಇಡೀ ಹೋಬಿಯ ಗುಟ್ಟು ಅಲ್ಲೇ ಇದೆ. ಹಾಯಿದೋಣಿ ಗಾಳಿಗೆ ಪಕ್ಕಕ್ಕೆ ಜಾರಬಾರದೆಂದು ಸಾಮಾನ್ಯವಾಗಿ ನೀರಿನೊಳಗೆ ಒಂದು ಹಲಗೆ ಇಳಿಬಿಡುತ್ತಾರೆ. ಆದರೆ ಅಲೆ ಸೀಳಿ ಬಂದು ನೇರ ಮರಳಿಗೆ ಹತ್ತುವ ದೋಣಿಗೆ ಅಂಥ ಹಲಗೆ ಇದ್ದರೆ ಮುರಿಯುತ್ತದೆ. ಅದಕ್ಕೆ ಆಲ್ಟರ್ ಹಲಗೆಯನ್ನೇ ಬಿಟ್ಟು, ಒಡಲಿಗೇ ಆ ಆಕಾರ ಕೊಟ್ಟರು. ಗಾಳಿಗೆ ವಾಲಿದಾಗ ಕೆಳಗಿನ ಒಡಲು ಆಳಕ್ಕೆ ಇಳಿದು, ಇನ್ನೊಂದು ಒಡಲಿನ ಕಡೆಗಿರುವ ಒಳಮಗ್ಗುಲ ಉಬ್ಬಿನ ಬಲದಿಂದ ದೋಣಿಯನ್ನು ಗಾಳಿಯ ಕಡೆ ಎಳೆಯುತ್ತದೆ. ದಡ ತಾಗಿದರೆ ಚುಕ್ಕಾಣಿಗಳು ತಾವೇ ಮೇಲಕ್ಕೆ ಮಡಚಿಕೊಳ್ಳುತ್ತವೆ. ಇದನ್ನು ಹೇಳಿದ ಮೇಲೆ ಹುಡುಗ ಪುಟ್ಟಿ ಡಬ್ಬ ಮುಚ್ಚಿಟ್ಟ.

ಕ್ಯಾಟಮರಾನ್ ಎಂಬ ಹೆಸರು ತಮಿಳಿನ ಕಟ್ಟುಮರದಿಂದ ಹೋದದ್ದು. ಕಟ್ಟಿದ ಮರ, ನಮಗೂ ಅರ್ಥ ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಹೆಸರು ನಮ್ಮ ಕಡೆಯದು, ಆದರೆ ಜೋಡಿ ಒಡಲಿನ ರೂಪ ಪಾಲಿನೇಷಿಯಾದ ದ್ವೀಪದವರದು. 1876ರಲ್ಲಿ ಅಮೆರಿಕದ ದೋಣಿ ವಿನ್ಯಾಸಕ ನಥಾನಿಯಲ್ ಹೆರೆಶಾಫ್ 'ಅಮರಿಲಿಸ್' ಎಂಬ ಜೋಡಿ ಒಡಲಿನ ದೋಣಿಯನ್ನು ನ್ಯೂಯಾರ್ಕಿನ ಪಂದ್ಯಕ್ಕೆ ತಂದು ಎಲ್ಲರನ್ನೂ ಹಿಂದೆ ಹಾಕಿದರು. ಉಳಿದವರು ತಕರಾರು ಎತ್ತಿ ಅದನ್ನು ಪಂದ್ಯದಿಂದಲೇ ಹೊರಗಿಟ್ಟರು. ಒಲಿಂಪಿಕ್ಸ್ ಮಟ್ಟದಲ್ಲಿ ಇಂಥ ದೋಣಿಗೆ ಜಾಗ ಸಿಗಲು ಅದರಿಂದ ನೂರು ವರ್ಷ ಬೇಕಾಯಿತು. 1967ರಲ್ಲಿ ಇಂಗ್ಲೆಂಡಿನ ರಾಡ್ನಿ ಮಾರ್ಚ್ ರೂಪಿಸಿದ ಟೊರ್ನಾಡೊ 1976ರಲ್ಲಿ ಒಲಿಂಪಿಕ್ಸ್ ಸೇರಿ, 2008ರವರೆಗೆ ಉಳಿಯಿತು. ಅದು ಹೋಬಿಗಿಂತ ವೇಗದ್ದು, ಹತ್ತು ಅಡಿ ಅಗಲದ್ದು. ಹೋಬಿ 16 ಒಲಿಂಪಿಕ್ಸಿಗೆ ಹೋಗಲೇ ಇಲ್ಲ. ಆದರೂ ಒಂದು ಲಕ್ಷಕ್ಕಿಂತ ಜಾಸ್ತಿ ದೋಣಿಗಳು ತಯಾರಾದವು. ನನ್ನ ಲೆಕ್ಕದಲ್ಲಿ ಅದೇ ದೊಡ್ಡ ಗೆಲುವು. ಮನೆಯವರು, ಮಕ್ಕಳು, ಹೊಸಬರು ಎಲ್ಲರೂ ಹತ್ತಿದ ದೋಣಿ ಇದು.

ಅಗಲ 7 ಅಡಿ 11 ಇಂಚು. ಬಿಚ್ಚದೆಯೇ ಟ್ರೇಲರ್ ಮೇಲೆ ಎಳೆದೊಯ್ಯಬಹುದು. ಸಂಪಾಜೆ ಘಾಟಿಯ ತಿರುವಿನಲ್ಲಿ ಎದುರಿಗೆ ಬಸ್ ಬಂದಾಗ ಆ ಲೆಕ್ಕದ ಬೆಲೆ ಗೊತ್ತಾಯಿತು.

ಒಂದು ವಿಷಯದಲ್ಲಿ ಮಾತ್ರ ನಾನು ಯಾರ ಮಾತಿಗೂ ಬಗ್ಗಲಿಲ್ಲ. ಹಾಯಿಕಂಬವನ್ನು ತೋಟದಲ್ಲಿ ಎತ್ತಿ ನಿಲ್ಲಿಸಲು ಬಿಡಲಿಲ್ಲ. ಇಪ್ಪತ್ತಾರೂವರೆ ಅಡಿಯ ಅಲ್ಯೂಮಿನಿಯಂ ಕಂಬ ಅದು. ಮೆಣಸು ಕೊಯ್ಯುವಾಗ ಅಲ್ಯೂಮಿನಿಯಂ ಏಣಿ ಕರೆಂಟ್ ತಂತಿಗೆ ತಾಗಿ ಜೀವ ಹೋದದ್ದು ಕೊಡಗಿನಲ್ಲಿ ಯಾರಿಗೆ ಗೊತ್ತಿಲ್ಲ? ಅಮೆರಿಕದಲ್ಲೂ ಹಾಯಿಕಂಬ ತಂತಿಗೆ ತಾಗಿ ಜನ ಸತ್ತರು. ಆಮೇಲೆ, 1980ರ ದಶಕದಲ್ಲಿ, ಕಂಬದ ತುದಿ ಭಾಗವನ್ನು ವಿದ್ಯುತ್ ಹರಿಯದ ಫೈಬರಿನಲ್ಲಿ ಮಾಡಲು ಶುರುಮಾಡಿದರು. ನನ್ನದು ಅದಕ್ಕಿಂತ ಹಳೆಯದು, ಪೂರ್ತಿ ಲೋಹ. ಇವತ್ತಿಗೂ ಕಂಬ ಎತ್ತುವ ಮೊದಲು ಕಡಲ ದಡದಲ್ಲಿ ಸುತ್ತ ನಡೆದು ತಂತಿ ಎಲ್ಲಿದೆ ಎಂದು ನೋಡುತ್ತೇನೆ.

ಮಳೆಗಾಲ ಕಳೆದು ನವೆಂಬರಿನಲ್ಲಿ ನೀರಿಗೆ ಇಳಿಸಿದೆವು. ಜೊತೆಗೆ ಭಾವ. ಮೊದಲ ದಿನ ತಿರುಗುವುದೇ ಆಗಲಿಲ್ಲ. ಕೆಳಗೆ ಹಲಗೆ ಇಲ್ಲದ ಉದ್ದನೆಯ ಒಡಲು ಗಾಳಿಗೆ ಎದುರಾದ ಕೂಡಲೇ ನಿಂತುಬಿಡುತ್ತದೆ. ಮುಂದಿನ ಸಣ್ಣ ಹಾಯಿಯನ್ನು ಬೇಗ ಬಿಡಬಾರದು. ಗಾಳಿ ಅದರ ಹಿಂಬದಿಗೆ ಹೊಡೆದು ಮೂತಿಯನ್ನು ತಳ್ಳುವವರೆಗೆ ಕಾಯಬೇಕು, ದೊಡ್ಡ ಹಾಯಿಯ ಹಗ್ಗ ಸಡಿಲಿಸಬೇಕು. ದೋಣಿ ಹಿಂದಕ್ಕೆ ಹೋಗಲು ಶುರುವಾದರೆ ಚುಕ್ಕಾಣಿ ಉಲ್ಟಾ ತಿರುಗಿಸಬೇಕು. ಮೂರನೇ ದಿನ ಕೈಗೆ ಹತ್ತಿತು.

ಮಧ್ಯಾಹ್ನದ ಗಾಳಿ ಏರಿದಾಗ ಇನ್ನೊಂದು ಪಾಠ. ಒಡಲಿನ ಮೂತಿ ಸಣ್ಣದು, ಅಲ್ಲಿ ತೇಲುವ ಬಲ ಕಮ್ಮಿ. ವೇಗದಲ್ಲಿ ಅದು ನೀರಿಗೆ ಚುಚ್ಚಿಕೊಂಡರೆ ದೋಣಿ ಮುಂದಕ್ಕೆ ಲಾಗ ಹಾಕುತ್ತದೆ. "ಭಾವ, ಹಿಂದೆ ಬನ್ನಿ!" ಎಂದು ಕೂಗುವಷ್ಟರಲ್ಲಿ ಇಬ್ಬರೂ ನೀರಿನಲ್ಲಿದ್ದೆವು. ಲೈಫ್ ಜಾಕೆಟ್ ಇತ್ತು. ಎದ್ದು ಹಗ್ಗ ಹಿಡಿದು, ಇಬ್ಬರೂ ಕೆಳಗಿನ ಒಡಲಿನ ಮೇಲೆ ನಿಂತು ಹಿಂದಕ್ಕೆ ಜೋತುಬಿದ್ದೆವು. ಹಾಯಿ ನಿಧಾನಕ್ಕೆ ನೀರು ಬಿಟ್ಟು ಮೇಲೆದ್ದಿತು.

ದಡಕ್ಕೆ ಬಂದ ಮೇಲೆ ರಿಪೇರಿ ಮಾಡಿದ ಜಾಗವನ್ನು ಮತ್ತೆ ತಟ್ಟಿ ನೋಡಿದೆ. ಟಣ್ ಎಂದಿತು. ಎಡಗಡೆ ಚುಕ್ಕಾಣಿಯ ಪಿನ್ ಸವೆದಿದೆ. ಕಣಕ್ಕೆ ಕಾಫಿ ಬರುವುದರೊಳಗೆ ಅದನ್ನು ಬದಲಿಸಬೇಕು.