ಬಾಟ್ ಬರಲಿ, ಜೊತೆಗೆ ಅದರ ಯಜಮಾನರೂ ಬರಲಿ

ಗಿಡದ ಫೋಟೋ ಹಾಕಿ ಹೆಸರು ಕೇಳುವ ಒಂದು ದೊಡ್ಡ ಟೆಲಿಗ್ರಾಂ ಗ್ರೂಪಿಗೆ ನಾನು ಅಡ್ಮಿನ್. ಸದಸ್ಯರು ಹೆಚ್ಚಿದಂತೆ "ನನ್ನ ಬಾಟ್ ಸೇರಿಸ್ತೀರಾ?" ಅನ್ನುವ ಕೋರಿಕೆಗಳೂ ಹೆಚ್ಚಿದವು. ಬಾಟ್ ಅಂದರೆ ಮನುಷ್ಯರ ಬದಲು ತಾನಾಗಿ ಕೆಲಸ ಮಾಡುವ ಪ್ರೋಗ್ರಾಂ. ಒಬ್ಬರದ್ದು ಸ್ಪ್ಯಾಮ್ ಅಳಿಸುವ ಬಾಟ್. ಇನ್ನೊಬ್ಬರದ್ದು ದಿನಕ್ಕೊಂದು ಗಿಡ ಪರಿಚಯಿಸುವುದು. ಅಡ್ಮಿನ್‌ಗಳಲ್ಲೇ ಎರಡು ಪಂಗಡ ಆಯಿತು. ಒಂದು ಬಾಟೂ ಬೇಡ ಅಂತ ಕೆಲವರು. ಎಲ್ಲಾ ಬರಲಿ, ಕಾಟ ಕೊಟ್ಟರೆ ತೆಗೆದರಾಯ್ತು ಅಂತ ಉಳಿದವರು.

ನನಗೆ ಎರಡೂ ಸರಿ ಕಾಣಲಿಲ್ಲ. ಬಾಟ್ ಎಡವಟ್ಟು ಮಾಡಿದಾಗ ಅದರ ಪರವಾಗಿ ಉತ್ತರ ಕೊಡುವ ಮನುಷ್ಯ ಇದ್ದಾರಾ? ನಾನು ಕೇಳಿದ್ದು ಇಷ್ಟೇ. ಇದೇನೂ ನನ್ನ ಸ್ವಂತ ಬುದ್ಧಿಯಲ್ಲ, ವಿಕಿಪೀಡಿಯ ನೋಡಿ ಕಲಿತದ್ದು. ಅಲ್ಲಿ 2002ರಲ್ಲೇ ರ‍್ಯಾಮ್‌ಬಾಟ್ ಎಂಬ ಬಾಟ್ ಅಮೆರಿಕದ ಜನಗಣತಿ ಮಾಹಿತಿ ಹಿಡಿದು ಊರುಗಳ ಬಗ್ಗೆ ಸುಮಾರು 30,000 ಲೇಖನ ಹಾಕಿತ್ತು. ಈಗ ಇಂಗ್ಲಿಷ್ ವಿಕಿಪೀಡಿಯದಲ್ಲಿ ಬಾಟಿಗೆ ಬೇರೆ ಖಾತೆ ಬೇಕು. ಅದು ಏನು ಮಾಡುತ್ತದೆ ಅಂತ ಅರ್ಜಿ ಹಾಕಬೇಕು. ಸಾಮಾನ್ಯವಾಗಿ ಸ್ವಲ್ಪ ಓಡಿಸಿಯೂ ತೋರಿಸಬೇಕು. 2010ರಿಂದ ಕಿಡಿಗೇಡಿ ತಿದ್ದುಪಡಿಗಳನ್ನು ಅಳಿಸುತ್ತಿರುವ ಕ್ಲೂಬಾಟ್ ಎನ್‌ಜಿ ಕೂಡ, ತಾನು ತಪ್ಪಾಗಿ ಅಳಿಸಿದ್ದರೆ ದೂರು ಕೊಡಲು ಜಾಗ ಇಟ್ಟಿದೆ.

ನಾವೂ ಒಂದು ಸಣ್ಣ ಅರ್ಜಿ ಮಾಡಿದೆವು. ಬಾಟ್ ಏನು ಮಾಡುತ್ತದೆ, ದಿನಕ್ಕೆ ಎಷ್ಟು ಮೆಸೇಜ್ ಹಾಕುತ್ತದೆ, ಏನೇನು ಓದಿ ಎಲ್ಲಿ ಉಳಿಸಿಕೊಳ್ಳುತ್ತದೆ, ನೀವು ಮಲಗಿದ್ದಾಗ ಅದನ್ನು ನಿಲ್ಲಿಸುವುದು ಹೇಗೆ. ಕೊನೆಯ ಪ್ರಶ್ನೆಗೆ ಬರುವ ಉತ್ತರ ನೋಡಿದರೆ ಸಾಕು, ಮಾಡಿದವರು ಎಷ್ಟು ಯೋಚಿಸಿದ್ದಾರೆ ಅಂತ ಗೊತ್ತಾಗುತ್ತದೆ.

ಓದುವ ವಿಷಯ ಹಲವರಿಗೆ ಗೊತ್ತಿರುವುದಿಲ್ಲ. ಟೆಲಿಗ್ರಾಂ ಗ್ರೂಪಿನಲ್ಲಿ ಬಾಟಿಗೆ ಸಾಮಾನ್ಯವಾಗಿ ಕಾಣುವುದು ಅದಕ್ಕೆ ಕೊಟ್ಟ ಕಮಾಂಡ್‌ಗಳು, ಅದರ ಮೆಸೇಜಿಗೆ ಬಂದ ಉತ್ತರಗಳು, ಅಷ್ಟೇ. ಅಡ್ಮಿನ್ ಮಾಡಿದರೆ, ಇಲ್ಲವೇ ಬಾಟ್ ಮಾಡಿದವರೇ ಆ ಮಿತಿ ತೆಗೆದಿದ್ದರೆ, ಎಲ್ಲರ ಮೆಸೇಜೂ ಕಾಣುತ್ತದೆ. ಸ್ಪ್ಯಾಮ್ ಅಳಿಸುವ ಬಾಟಿಗೆ ಅಡ್ಮಿನ್ ಅಧಿಕಾರ ಬೇಕೇ ಬೇಕು. ಅದೊಂದಕ್ಕೆ ಕೊಟ್ಟೆವು, ಆ ವಿಷಯವನ್ನು ಗ್ರೂಪಿನ ಮೇಲ್ಗಡೆಯೇ ಪಿನ್ ಮಾಡಿದೆವು.

ಜಾಸ್ತಿ ತಲೆ ಕೆಡಿಸಿದ್ದು ಫೋಟೋ ನೋಡಿ ಗಿಡ ಗುರುತಿಸುವ ಬಾಟ್. ಫೋಟೋ ಬಿದ್ದ ಕೂಡಲೇ ಹೆಸರು ಹೇಳುತ್ತಿತ್ತು. ಬಹಳ ಸಲ ಸರಿಯಾಗಿಯೇ. ಆದರೆ ಪರೀಕ್ಷೆಗೆ ಬಿಟ್ಟಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಹೆಸರು ಬಂದ ಮೇಲೆ ಯಾರೂ ಮಾತಾಡುತ್ತಿರಲಿಲ್ಲ. ಮೊದಲಾದರೆ ಒಬ್ಬರು "ಎಲೆಯ ಹಿಂಭಾಗ ತೋರಿಸಿ" ಅನ್ನುತ್ತಿದ್ದರು. ಇನ್ನೊಬ್ಬರು "ಅದಲ್ಲ, ದಳ ಎಣಿಸಿ ನೋಡಿ" ಅಂತ ತಕರಾರು ತೆಗೆಯುತ್ತಿದ್ದರು. ಕೇಳಿದವರು ಅದರಿಂದಲೇ ಕಲಿಯುತ್ತಿದ್ದರು, ಹೇಳಿದವರಿಗೂ ಖುಷಿ. ಈಗ ಬಾಟ್ ಹೇಳಿಬಿಟ್ಟಿದೆಯಲ್ಲ ಅಂತ ಗೊತ್ತಿರುವವರೆಲ್ಲ ಸುಮ್ನಾದರು. ಅದು ತಪ್ಪು ಹೇಳಿದಾಗ ತಿದ್ದುವವರೂ ಕಮ್ಮಿಯಾದರು. ಯಂತ್ರದ ಜೊತೆ ವಾದ ಮಾಡಿ ಏನು ಸಿಗುತ್ತೆ, ಅಲ್ವಾ?

ಹಾಗಂತ ಬಾಟನ್ನು ಹೊರಗೆ ಹಾಕಲಿಲ್ಲ. ಒಂದು ದಿನ ಪೂರ್ತಿ ಯಾರೂ ಉತ್ತರ ಕೊಡದ ಫೋಟೋಗೆ ಮಾತ್ರ ಅದು ಬಾಯಿ ಬಿಡಬೇಕು ಅಂದೆವು. ಒಂದೇ ಹೆಸರು ಹೇಳಬಾರದು. ಎರಡು ಮೂರು ಸಾಧ್ಯತೆ ಕೊಟ್ಟು, ಯಾವುದನ್ನು ನೋಡಿ ಖಚಿತ ಮಾಡಿಕೊಳ್ಳಬೇಕು ಅಂತಲೂ ಹೇಳಬೇಕು. ಅಣಬೆಯ ಫೋಟೋಗೆ, "ಇದು ತಿನ್ನಬಹುದಾ?" ಅನ್ನುವ ಪ್ರಶ್ನೆಗೆ ಉತ್ತರ ಕೊಡಲೇಬಾರದು. ಬರೀ ಫೋಟೋ ನಂಬಿ ಅಣಬೆ ತಿಂದರೆ ಜೀವಕ್ಕೇ ಅಪಾಯ. ಮಾಡಿದವರಿಗೆ ಮೊದಲು ಬೇಜಾರಾಯಿತು, ಆಮೇಲೆ ಒಪ್ಪಿದರು. ಮಾತುಕತೆ ಮತ್ತೆ ಶುರುವಾಯಿತು. ಯಾರೂ ನೋಡದೆ ಕೆಳಗೆ ಹೋಗುತ್ತಿದ್ದ ಫೋಟೋಗಳಿಗೂ ಈಗ ಒಂದು ಉತ್ತರ ಸಿಗುತ್ತದೆ.

ಬಾಟಿಗೆ ಬಾಟ್ ಉತ್ತರ ಕೊಡುವ ಹಾಗಿಲ್ಲ ಅನ್ನುವುದು ಇನ್ನೊಂದು ನಿಯಮ. ಇದು ಹಳೇ ಪಾಠ. ಐಆರ್‌ಸಿ ಎಂಬ ಹಳೇ ಇಂಟರ್ನೆಟ್ ಚಾಟ್ ವ್ಯವಸ್ಥೆಯ 1993ರ ದಾಖಲೆಯಲ್ಲೇ, ನೋಟಿಸ್ ಎಂಬ ಬಗೆಯ ಮೆಸೇಜಿಗೆ ತಾನಾಗಿ ಉತ್ತರ ಕಳಿಸಬಾರದು ಅಂತ ಇದೆ. ಎರಡು ಪ್ರೋಗ್ರಾಮ್‌ಗಳು ಕೊನೆಯಿಲ್ಲದೆ ಪರಸ್ಪರ ಉತ್ತರಿಸುತ್ತಾ ಕೂರಬಾರದು ಅಂತಲೇ ಆ ನಿಯಮ.

ಕಷ್ಟ ಇರುವುದು ಬಾಟ್ ಅಂತ ಹೇಳಿಕೊಳ್ಳದೆ ಬರುವ ಖಾತೆಗಳಲ್ಲಿ. ಟೆಲಿಗ್ರಾಂ ಬಾಟ್‌ಗಳ ಯೂಸರ್‌ನೇಮ್ ಸಾಮಾನ್ಯವಾಗಿ 'bot' ಅಂತ ಮುಗಿಯುತ್ತದೆ. ಮ್ಯಾಸ್ಟೊಡಾನ್ ಎಂಬ ಸಾಮಾಜಿಕ ಜಾಲತಾಣದಲ್ಲಿ ಇದು ಸ್ವಯಂಚಾಲಿತ ಖಾತೆ ಅಂತ ಗುರುತು ಹಾಕಬಹುದು. ಆದರೆ ಮಾಮೂಲಿ ಖಾತೆಯ ಹಿಂದೆ ಪ್ರೋಗ್ರಾಂ ಓಡಿಸಿದರೆ ಯಾರಿಗೂ ಸುಲಭವಾಗಿ ತಿಳಿಯುವುದಿಲ್ಲ. ಅಂಥದ್ದು ಸಿಕ್ಕರೆ, ಎಷ್ಟೇ ಉಪಯೋಗದ್ದಾದರೂ ತೆಗೆಯುತ್ತೇವೆ. ಎದುರಿಗಿರುವುದು ಮನುಷ್ಯ ಅಂದುಕೊಂಡು ಅರ್ಧ ಗಂಟೆ ಟೈಪ್ ಮಾಡಿದವರಿಗೆ ಅದು ಮೋಸವೇ. ಆದರೆ ಬರವಣಿಗೆ ನೋಡಿ ಬಾಟ್ ಅಂತ ತೀರ್ಮಾನ ಮಾಡುವುದಿಲ್ಲ. ಅನುವಾದದ ಆ್ಯಪ್ ಬಳಸುವವರು, ಫೋನಿಗೆ ಮಾತಾಡಿ ಬರೆಸುವವರು ನಮ್ಮಲ್ಲಿದ್ದಾರೆ. ಅವರ ವಾಕ್ಯಗಳೂ ಕೆಲವೊಮ್ಮೆ ಯಂತ್ರದ ಹಾಗೇ ಇರುತ್ತವೆ. ನಾವು ನೋಡುವುದು ನಡವಳಿಕೆ: ಅದೇ ಲಿಂಕ್ ಮತ್ತೆ ಮತ್ತೆ, ಯಾವ ಹೊತ್ತಾದರೂ ಕ್ಷಣದಲ್ಲಿ ಉತ್ತರ, ನೇರ ಪ್ರಶ್ನೆ ಕೇಳಿದರೆ ಮೌನ. ಆಗಲೂ ಮೊದಲು ಖಾಸಗಿಯಾಗಿ ಕೇಳುತ್ತೇವೆ.

ಅನುಮತಿ ಶಾಶ್ವತ ಅಲ್ಲ, ಆಗಾಗ ನವೀಕರಿಸಬೇಕು. ದಿನಕ್ಕೊಂದು ಗಿಡದ ಬಾಟ್ ಮಾಡಿದವರು ಗ್ರೂಪಿಗೆ ಬರುವುದನ್ನೇ ಬಿಟ್ಟರು, ಬಾಟ್ ಮಾತ್ರ ಓಡುತ್ತಿತ್ತು. ನಿಲ್ಲಿಸಿದೆವು. ಇನ್ನೊಬ್ಬ ಸದಸ್ಯರು ತಾನು ನೋಡಿಕೊಳ್ಳುತ್ತೇನೆ ಅಂದಿದ್ದಾರೆ. ಹಳೇ ಟೋಕನ್ (ಬಾಟ್ ನಡೆಸಲು ಬೇಕಾದ ಗುಟ್ಟಿನ ಕೀಲಿ) ರದ್ದು ಮಾಡಿಸಿ, ಹೊಸ ಅರ್ಜಿ ತುಂಬಿದ ಮೇಲೆ ವಾಪಸ್ ಸೇರಿಸುತ್ತೇವೆ.